ಬುದ್ಧಿಹಲ್ಲು ತೆಗೆಸಿಕೊಂಡು ಹತ್ತು ದಿನ: ಎಲ್ಲರಿಗೂ ಥ್ಯಾಂಕ್ಸ್

ಇವತ್ತು ಬೆಳಿಗ್ಗೆ ಕಡುಬು ತಿಂದೆ. ಎರಡೂ ಕಡೆ ಅಗಿದು ತಿಂದೆ. ಅದಕ್ಕೇ ಇವತ್ತೇ ಬರೆಯೋಣ ಅನ್ನಿಸಿತು.

ಹೋದ ವರ್ಷ ಎಡಗಡೆಯದು ತೆಗೆಸಿದಾಗ ಪಟ್ಟ ಪಾಡು ನಮ್ಮ ಕೇರಿಗೆಲ್ಲ ಗೊತ್ತು. ಮೂರನೇ ದಿನಕ್ಕೆ ಕೆನ್ನೆ ಕಣ್ಣಿನವರೆಗೆ ಊದಿತ್ತು. ಬಾಯೊಳಗೆ ಒಂದು ಬೆರಳೂ ಹೋಗುತ್ತಿರಲಿಲ್ಲ. ಈ ಸಲ ಬಲಗಡೆಯದು ಅಡ್ಡ ಮಲಗಿದೆ, ಮೂಳೆ ಕೊರೆದೇ ತೆಗೀಬೇಕು ಅಂದಾಗ ಕೈಕಾಲು ತಣ್ಣಗಾಯಿತು. ಅದೂ ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ.

ಮೊದಲ ಥ್ಯಾಂಕ್ಸ್ ಶಿವಮೊಗ್ಗದ ನಮ್ಮ ಡಾಕ್ಟ್ರಮ್ಮನಿಗೆ. ಊತ ಜಾಸ್ತಿ ಆಗದ ಹಾಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತೀನಿ ಅಂದರು. ಸ್ಟೀರಾಯ್ಡ್ ಅಂದ ಕೂಡಲೇ ಅತ್ತೆ, "ಬೇಡವೇ ಬೇಡ, ಮೂಳೆ ಸವೆದು ಹೋಗುತ್ತೆ" ಅಂದರು. ಡಾಕ್ಟ್ರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಕುರ್ಚಿ ಎಳೆದುಕೊಂಡು ಅತ್ತೆ ಎದುರು ಕೂತರು. "ಅಮ್ಮಾ, ತಿಂಗಳುಗಟ್ಟಲೆ ದಿನಾ ತಗೊಂಡ್ರೆ ಆ ಭಯ ಇದ್ದದ್ದೇ. ಇದು ಒಂದೇ ಸಲ, 8 ಮಿಲಿಗ್ರಾಂ" ಅಂದರು. ಗಾಯವಾದ ಜಾಗದಲ್ಲಿ ಊತ, ನೋವು ತರೋ ರಾಸಾಯನಿಕಗಳು ಹುಟ್ಟುತ್ತವೆ, ಇದು ಅವನ್ನು ಬುಡದಲ್ಲೇ ತಡೆಯುತ್ತದೆ. ಊತ ಜೋರಾಗೋದು ಎರಡನೇ, ಮೂರನೇ ದಿನ ಅಲ್ವಾ? ಒಂದು ಡೋಸಿನ ಕೆಲಸ ಒಂದೂವರೆ ದಿನ, ಎರಡು ದಿನ ನಡೆಯುತ್ತದೆ. ಹಾಗಂತ ನೋವಿನ ಮಾತ್ರೆ ಬಿಡೋ ಹಾಗಿಲ್ಲ.

ಶುಗರ್ ಇದೆಯಾ, ಹೊಟ್ಟೆ ಹುಣ್ಣು ಇದೆಯಾ ಅಂತ ಕೇಳಿ ತಿಳಿದುಕೊಂಡ ಮೇಲೇ ಅವರು ಸೂಜಿ ಹಿಡಿದಿದ್ದು. ಶುಗರ್ ಇರುವವರು ಮೊದಲೇ ಹೇಳಿಬಿಡಿ, ಸ್ಟೀರಾಯ್ಡ್ ಅದನ್ನು ಏರಿಸುತ್ತೆ.

ಮರಗಟ್ಟಿದ್ದ ಒಸಡಿಗೆ ನೀರಿನಂಥ ಔಷಧಿ ಎರಡು ಎಂಎಲ್. ಚುಚ್ಚಿದ್ದೇ ಗೊತ್ತಾಗಲಿಲ್ಲ. ಮೂರನೇ ದಿನ ಹೆದರುತ್ತಲೇ ಕನ್ನಡಿ ಮುಂದೆ ನಿಂತೆ. ಊತ ಇತ್ತು, ಇಲ್ಲ ಅನ್ನಲ್ಲ. ದವಡೆಯಲ್ಲಿ ಒಂದು ಅಡಿಕೆಕಾಯಿ ಇಟ್ಟುಕೊಂಡಷ್ಟು. ಬಾಯೊಳಗೆ ಎರಡು ಬೆರಳು ಹೋಯಿತು. ನಿಂತಲ್ಲೇ ಅಳು ಬಂತು.

ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಗೆ ಹಿಡಿದು ಕೂತ ಸಿಸ್ಟರ್, ನಿಮ್ಮ ಕೈ ಮರಗಟ್ಟಿದ್ದು ನಾನು ನೋಡಿದ್ದೇನೆ. ಅತ್ತೆ, ಗಂಜಿ ಆರಿಸಿ ಆರಿಸಿ ಕೊಟ್ಟಿರಿ, ಒಂದೆಲಗದ ತಂಬುಳಿ ದಿನಾ ಮಾಡಿದಿರಿ. ಮತ್ತೆ ನಾನು ಮಲಗಿದ್ದಾಗ ನಾಲ್ಕು ರಾತ್ರಿ ನಮ್ಮ ಅಂಗಳದಲ್ಲಿ ಕೂತು ಅಡಿಕೆ ಸುಲಿದ ಅಕ್ಕಂದಿರೇ, ಕೂಲಿ ಕೊಟ್ಟರೆ ಬೈದಿರಿ. ಸೋಮವಾರದಿಂದ ಮೆಟ್ಟುಗತ್ತಿ ಹಿಡಿದುಕೊಂಡು ನಿಮ್ಮನೆಗೆ ಮುಯ್ಯಾಳು ಬರ್ತೀನಿ.