ಭಾನುವಾರದ ಚರ್ಚೆ: ಡ್ರಾಫ್ಟ್ ಹುಡುಗನೋ, ಸ್ಟಾರೋ?

ಗೆಳೆಯರೇ, ಈ ವಾರ ಅಮೆರಿಕದ NBA ಬಾಸ್ಕೆಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ನ 2014ರ ಕಥೆ ತಗೊಳ್ಳೋಣ. ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳೋ ಪದ್ಧತಿ) ಮೊದಲ ಆಯ್ಕೆ ಆಂಡ್ರ್ಯೂ ವಿಗ್ಗಿನ್ಸ್‌ಗೆ ಆಗ 19 ವರ್ಷ. ತಂಡದ ಹಳೇ ಸ್ಟಾರ್ ಲೆಬ್ರಾನ್ ಜೇಮ್ಸ್ ವಾಪಸ್ ಬಂದದ್ದೇ ತಡ, ಹುಡುಗನನ್ನು ಮಿನೆಸೋಟ ತಂಡಕ್ಕೆ ಕೊಟ್ಟು ಅಲ್ಲಿನ ಸ್ಟಾರ್ ಕೆವಿನ್ ಲವ್‌ನನ್ನು ತಂದರು. ಸಹಿ ಹಾಕಿದ ಹೊಸಬನನ್ನು 30 ದಿನ ಟ್ರೇಡ್ (ಬೇರೆ ತಂಡದ ಜೊತೆ ಆಟಗಾರರ ವಿನಿಮಯ) ಮಾಡುವಂತಿಲ್ಲ, ಹಾಗಾಗಿ ಆಗಸ್ಟ್‌ವರೆಗೆ ಕಾದರು.

ವಿಗ್ಗಿನ್ಸ್ ಆ ಸೀಸನ್‌ನ ಶ್ರೇಷ್ಠ ರೂಕಿ (ಮೊದಲ ಸೀಸನ್‌ನ ಆಟಗಾರ) ಆದ, ನಿಜ. ಆದರೆ 2016ರ ಫೈನಲ್ಸ್‌ನ 7ನೇ ಪಂದ್ಯದ ಕೊನೇ ನಿಮಿಷದಲ್ಲಿ ಎದುರಾಳಿ ತಂಡದ ಸ್ಟಾರ್ ಸ್ಟೀಫನ್ ಕರ್ರಿಗೆ ಅಂಟಿಕೊಂಡು ನಿಂತು ಶಾಟ್ ಕೆಡಿಸಿದ್ದು ಲವ್! ಕಪ್ ಬಂತು. ಲೆಬ್ರಾನ್‌ಗೆ ಟ್ರೇಡ್ ಹೊತ್ತಿಗೇ 29, ಕಾಯೋಕೆ ಪುರುಸೊತ್ತು ಎಲ್ಲಿತ್ತು? ಲೆಬ್ರಾನ್ ಇಲ್ಲದ ತಂಡವಾಗಿದ್ದರೆ ನಾನಂತೂ ವಿಗ್ಗಿನ್ಸ್‌ನನ್ನು ಬಿಡುತ್ತಿರಲಿಲ್ಲ.

ಶನಿವಾರ ರಾತ್ರಿಯೊಳಗೆ ನಿಮ್ಮ ಆಯ್ಕೆ, ಕಾರಣ ಸಮೇತ ಹಾಕಿ. ಸುಮ್ನೆ ಎಮೋಜಿ ಬೇಡ.