ಗಾಳಿಯ ಲೆಕ್ಕ ತಪ್ಪಿದ ಶಾರ್ಕ್ ಚಿತ್ರ

ಸಂಪಾದಕರಿಗೆ ನಮಸ್ಕಾರ.

‘47 ಮೀಟರ್ಸ್ ಡೌನ್’ ಚಿತ್ರದ ಎರಡನೆಯ ಭಾಗ ‘ಅನ್‌ಕೇಜ್ಡ್’ ನೋಡಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯೇನಿಲ್ಲ. 2019ರ ಈ ಚಿತ್ರದ ಬಗ್ಗೆ ಮಾತು ತೆಗೆದರೆ ಸಾಕು, ಮೂರು ದೂರು ಕೇಳಿಬರುತ್ತವೆ. ಗ್ರಾಫಿಕ್ಸ್ ಕಳಪೆ, ಕತ್ತಲಲ್ಲಿ ಯಾರು ಯಾರೆಂದು ಗೊತ್ತಾಗುವುದಿಲ್ಲ, ಮೊದಲ ಭಾಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೂರೂ ನಿಜ. ಆದರೆ ಈ ಮೂರನ್ನೂ ಸರಿಪಡಿಸಿದ್ದರೂ ಚಿತ್ರ ಹೆದರಿಸುತ್ತಿರಲಿಲ್ಲ. 2017ರ ಮೊದಲ ಭಾಗದಲ್ಲಿ ಶಾರ್ಕ್ ತೆರೆಯ ಮೇಲೆ ಇದ್ದದ್ದು ಸ್ವಲ್ಪ ಹೊತ್ತು. ನೋಡುವವರ ಎದೆ ಹಿಂಡಿದ್ದು ಸಿಲಿಂಡರಿನಲ್ಲಿ ಉಳಿದ ಗಾಳಿ. ಎರಡನೆಯ ಭಾಗ ಕೈಬಿಟ್ಟದ್ದು ಆ ಗಾಳಿಯ ಲೆಕ್ಕವನ್ನೇ.

ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇವೆ. ಡೈವಿಂಗಿಗೆ ಸಾಮಾನ್ಯವಾಗಿ ಬಳಸುವ ಅಲ್ಯುಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. ಅದಕ್ಕೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬುತ್ತಾರೆ (ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್). ಕಾರಿನ ಗಾಲಿಗೆ ನಾವು 32 ಪೌಂಡ್ ಹಾಕಿಸುತ್ತೇವಲ್ಲ, ಇದು ಹತ್ತಿರಹತ್ತಿರ 2900 ಪೌಂಡ್. ಒಟ್ಟು 2200 ಲೀಟರ್ ಗಾಳಿ ಆಯಿತು. ಸಮಾಧಾನದಿಂದ ಈಜುವ ಮನುಷ್ಯ ನೀರಿನ ಮೇಲ್ಮಟ್ಟದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆ ಎಂದು ಹಿಡಿದರೆ ಇದು ಒಂದು ತಾಸು ಐವತ್ತು ನಿಮಿಷ ಬಾಳಿಕೆ ಬರಬೇಕು. ಆದರೆ ಪ್ರತಿ 10 ಮೀಟರ್ ಇಳಿದಂತೆ ನೀರಿನ ಒತ್ತಡ ಒಂದೊಂದು ಬಾರ್ ಏರುತ್ತದೆ. ಮೇಲಿನ ಗಾಳಿಯ ಒಂದು ಬಾರ್ ಸೇರಿಸಿದರೆ 47 ಮೀಟರಿನಲ್ಲಿ ಅದು 5.7 ಬಾರ್. ಅಲ್ಲಿ ಎದೆಗೆ ಎಳೆದುಕೊಳ್ಳುವ ಪ್ರತಿ ಉಸಿರೂ ಅಷ್ಟೇ ಪಟ್ಟು ದಟ್ಟ, ಹಾಗಾಗಿ ಖರ್ಚು ನಿಮಿಷಕ್ಕೆ 114 ಲೀಟರ್. ಎರಡು ತಾಸಿನ ಹತ್ತಿರ ಬರಬೇಕಾಗಿದ್ದ ಗಾಳಿ 19 ನಿಮಿಷಕ್ಕೆ ಖಾಲಿ. ಹೆದರಿದವರ ಉಸಿರು ಎರಡು ಪಟ್ಟಾಗುತ್ತದೆ, ಆಗ ಹತ್ತು ನಿಮಿಷವೂ ಸಿಗುವುದಿಲ್ಲ. ಮೇಲೇರುವ ಸುರಕ್ಷಿತ ವೇಗ ನಿಮಿಷಕ್ಕೆ 9 ಮೀಟರ್. ಅದಕ್ಕೇ ಐದು ನಿಮಿಷ ಹೋಯಿತು, ನಡುವೆ ನಿಲ್ಲಬೇಕಾದ ಹೊತ್ತು ಬೇರೆ.

ಮೊದಲ ಭಾಗದ ಕಥೆ ಇದೇ ಲೆಕ್ಕದ ಮೇಲೆ ನಿಂತಿತ್ತು. ಶಾರ್ಕ್ ನೋಡಲೆಂದು ದೋಣಿಯಿಂದ ನೀರಿಗೆ ಇಳಿಸಿದ, ಅಕ್ಕ-ತಂಗಿಯರಿದ್ದ ಪಂಜರ ಕಿತ್ತುಕೊಂಡು ತಳಕ್ಕೆ ಹೋಗುತ್ತದೆ. 47 ಮೀಟರ್ ಆಳದಿಂದ ದೋಣಿಗೆ ಮಾತು ಮುಟ್ಟುವುದಿಲ್ಲ, ಮಾತಾಡಬೇಕಾದರೆ ಪಂಜರ ಬಿಟ್ಟು ಒಂದಿಷ್ಟು ಮೇಲೆ ಈಜಬೇಕು. ಈಜಿದರೆ ಗಾಳಿ ಖರ್ಚು. ಒಮ್ಮೆಲೇ ಮೇಲೆ ಬಂದುಬಿಡೋಣ ಎಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಏಳುತ್ತದೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವಂತೆ. ದೋಣಿಯವನು ಅದನ್ನು ಮೊದಲೇ ಎಚ್ಚರಿಸಿರುತ್ತಾನೆ. ಹೊಸ ಸಿಲಿಂಡರ್ ಬಂದರೆ ಅದರಿಂದಲೂ ಅಪಾಯ. 30 ಮೀಟರ್ ದಾಟಿದ ಮೇಲೆ ಸಾರಜನಕ ನಶೆ ಏರಿಸುತ್ತದೆ, ಚಿತ್ರದಲ್ಲಂತೂ ಇಲ್ಲದ್ದೂ ಕಾಣುತ್ತದೆ. ಚಿತ್ರದ ಕೊನೆಯ ತಿರುವು ಇದೇ ನಶೆಯಿಂದ ಹುಟ್ಟಿತು. ಎಲ್ಲ ಬಾಗಿಲೂ ಒಂದೇ ಅಂಕಿಯಿಂದ ಮುಚ್ಚಿದ್ದವು. ಸಿಲಿಂಡರಿನ ಹೊತ್ತನ್ನು ಆ ಚಿತ್ರವೂ ಅಲ್ಲಲ್ಲಿ ಎಳೆದಾಡಿದೆ, ಅದನ್ನು ಒಪ್ಪಬೇಕು. ಆದರೂ ಮಾಪಕದ ಅಂಕಿ ಎಷ್ಟಿದೆ ಎಂಬುದು ನೋಡುವವರ ತಲೆಯಲ್ಲಿ ಸದಾ ಇರುತ್ತಿತ್ತು.

ಎರಡನೆಯ ಭಾಗಕ್ಕೆ ಬಂದರೆ ನಾಲ್ಕು ಹುಡುಗಿಯರು, ನೀರಿನಲ್ಲಿ ಮುಳುಗಿದ, ಪ್ರಾಚೀನ ಮಾಯಾ ಜನಾಂಗದವರ ನಗರ, ಗುಹೆ, ಕುರುಡು ಶಾರ್ಕುಗಳು. ಹೆಸರಿನಲ್ಲಿ 47 ಮೀಟರ್ ಉಳಿದಿದೆ, ಕಥೆಯಲ್ಲಿ ಆ ಆಳಕ್ಕೆ ಕೆಲಸವಿಲ್ಲ. ಗಾಳಿ ಮುಗಿಯುತ್ತಿದೆ ಎಂಬ ಮಾತು ಬಂದರೂ ಎಷ್ಟು ಉಳಿದಿದೆ, ಎಷ್ಟು ದೂರ ಹೋಗಬೇಕು ಎಂಬ ಲೆಕ್ಕ ನಮ್ಮ ಕೈಗೆ ಸಿಗುವುದಿಲ್ಲ. ಸಿಗದ ಮೇಲೆ ಹೆದರುವುದು ಯಾತಕ್ಕೆ?

ಬೇಸರದ ಸಂಗತಿಯೆಂದರೆ, ಗುಹೆಯಲ್ಲಿ ಈಜುವವರಿಗೆ ಇದಕ್ಕಿಂತ ಕಟ್ಟುನಿಟ್ಟಾದ ಲೆಕ್ಕ ಒಂದಿದೆ. ಅದನ್ನು ಮೂರನೇ ಒಂದು ಭಾಗದ ನಿಯಮ ಎನ್ನುತ್ತಾರೆ. ಗಾಳಿಯಲ್ಲಿ ಒಂದು ಪಾಲು ಒಳಗೆ ಹೋಗಲಿಕ್ಕೆ, ಒಂದು ಪಾಲು ಹೊರಗೆ ಬರಲಿಕ್ಕೆ, ಇನ್ನೊಂದು ಪಾಲು ಜೊತೆಗಾರನಿಗೆ ಏನಾದರೂ ಆದರೆ ಇಬ್ಬರೂ ಬದುಕಿ ಬರಲಿಕ್ಕೆ. ತೆರೆದ ಕಡಲಿನಲ್ಲಿ ತಲೆಯ ಮೇಲೆ ಆಕಾಶ ಇದೆ, ಗುಹೆಯಲ್ಲಿ ಬಂಡೆ ಇದೆ, ಅದಕ್ಕೆ ಈ ನಿಯಮ. 200 ಬಾರಿನಿಂದ ಹೊರಟರೆ ಮಾಪಕದ ಸೂಜಿ 133ಕ್ಕೆ ಬಂದ ಕೂಡಲೆ ತಿರುಗಲೇಬೇಕು, ಎದುರಿಗೆ ಚಿನ್ನದ ಗುಡಿ ಕಂಡರೂ ತಿರುಗಬೇಕು. ನಾಲ್ವರಲ್ಲಿ ಯಾರ ಸೂಜಿ ಮೊದಲು 133 ಮುಟ್ಟುತ್ತದೋ ಅವರ ಜೊತೆ ಎಲ್ಲರೂ ತಿರುಗಬೇಕು. ಒಬ್ಬಳ ಬಾಯಿಂದ ಮೊದಲಿಗೇ ಈ ನಿಯಮ ಹೇಳಿಸಿ, ಸೂಜಿ 133 ದಾಟಿದ್ದನ್ನು ಒಮ್ಮೆ ಹತ್ತಿರದಿಂದ ತೋರಿಸಿ, ‘ಇನ್ನೊಂದೇ ಕೋಣೆ ನೋಡಿ ಬರೋಣ’ ಎಂದು ಇನ್ನೊಬ್ಬಳ ಕೈಯಲ್ಲಿ ಅನ್ನಿಸಿದ್ದರೆ ಸಾಕಿತ್ತು. ಒಂದೂ ಶಾರ್ಕ್ ಬರುವ ಮೊದಲೇ ನೋಡುವವರ ಅಂಗೈ ಬೆವರುತ್ತಿತ್ತು.

ಕೆಸರಿನ ವಿಷಯ ಇನ್ನೂ ದೊಡ್ಡದು. ಚಿತ್ರದಲ್ಲಿ ಕಂಬ ಬೀಳುತ್ತದೆ, ಕೆಸರು ಏಳುತ್ತದೆ. ಗುಹೆ ಡೈವಿಂಗಿನಲ್ಲಿ ಜನ ಸಾಯುವ ನಿಜವಾದ ಕಾರಣಗಳಲ್ಲಿ ಇದೂ ಒಂದು. ಕಂಬವೇ ಬೀಳಬೇಕೆಂದಿಲ್ಲ, ಕಾಲಿನ ರೆಕ್ಕೆ ಒಮ್ಮೆ ನೆಲಕ್ಕೆ ಬಡಿದರೆ ಸಾಕು, ಬಿಟ್ಟ ಉಸಿರಿನ ಗುಳ್ಳೆ ಗುಹೆಯ ಚಾವಣಿಗೆ ತಾಗಿ ಅಲ್ಲಿನ ಧೂಳು ಉದುರಿದರೂ ಸಾಕು. ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನವಲಗುಂದ ಕಡೆಯ ಎರಿ ಮಣ್ಣನ್ನು ಒಂದು ಹಿಡಿ ತಂದು ಬಕೆಟ್ ನೀರಿನಲ್ಲಿ ಕಲಕಿ ಇಡಿರಿ. ಉಸುಕು ನೋಡನೋಡುತ್ತ ತಳಕ್ಕೆ ಕೂಡುತ್ತದೆ, ಜಿಗುಟು ಮಣ್ಣಿನ ನುಣ್ಣನೆಯ ಕಣ ಮಾತ್ರ ಮರುದಿನ ಮುಂಜಾನೆಯೂ ನೀರಿನಲ್ಲಿ ತೇಲುತ್ತಲೇ ಇರುತ್ತದೆ, ಬಕೆಟ್ಟಿನ ತಳ ಕಾಣುವುದಿಲ್ಲ. ಗುಹೆಯೊಳಗೆ ಹರಿವಿಲ್ಲದ ಕಡೆ ಆಗುವುದು ಇದೇ. ದೀಪ ಹಚ್ಚಿದರೆ ಬೆಳಕು ಕಣಗಳಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ, ದಟ್ಟ ಮಂಜಿನಲ್ಲಿ ಲಾರಿಯ ಹೈಬೀಮ್ ಹಾಕಿದಂತೆ. ಆಗ ಉಳಿಯುವುದು ಗುಹೆಯ ಬಾಗಿಲಿನಿಂದ ಬಿಚ್ಚಿಕೊಂಡು ಬಂದ ತೆಳ್ಳನೆಯ ದಾರ ಒಂದೇ. ಹೆಬ್ಬೆರಳು-ತೋರುಬೆರಳನ್ನು ಉಂಗುರ ಮಾಡಿ ದಾರ ಅದರೊಳಗೆ ಹಾಯುವಂತೆ ಹಿಡಿದು, ಕೈ ಬಿಡದೆ ಬಾಗಿಲಿನವರೆಗೆ ಬರಬೇಕು.

ಈಗ ಯೋಚಿಸಿ ನೋಡಿರಿ. ಶಾರ್ಕ್ ಕುರುಡು, ಕೆಸರಿನಲ್ಲಿ ಹುಡುಗಿಯೂ ಕುರುಡು. ಶಾರ್ಕಿಗೆ ಮಾತ್ರ ಇನ್ನೆರಡು ಕಣ್ಣಿವೆ: ಪಕ್ಕೆಯ ಉದ್ದಕ್ಕೂ ನೀರಿನ ಅಲುಗಾಟ ಹಿಡಿಯುವ ಸಾಲು, ಮೂತಿಯ ಮೇಲಿನ ಸೂಕ್ಷ್ಮ ರಂಧ್ರಗಳು. ಆ ರಂಧ್ರಗಳಿಂದ ಅದು ಸ್ನಾಯು ಮಿಡಿದಾಗ ಹೊರಡುವ ಅತಿ ಸಣ್ಣ ವಿದ್ಯುತ್ತನ್ನೂ ಗುರುತಿಸುತ್ತದೆ. ಹುಡುಗಿ ದಾರ ಹಿಡಿದು ಅಲುಗಾಡದೆ ನಿಂತರೂ ಎದೆಬಡಿತ ನಿಲ್ಲಿಸಲಾರಳು. ಇಷ್ಟು ದೊಡ್ಡ ಅವಕಾಶ ಕೈಯಲ್ಲಿತ್ತು. ಅದನ್ನು ಬಿಟ್ಟು, ನಟಿಯರ ಮುಖ ಕಾಣಬೇಕೆಂದು ಕೆಸರನ್ನು ಬೇಗ ಇಳಿಸಿ ಮತ್ತೆ ಓಡಾಟ ಶುರು ಮಾಡಿದ್ದಾರೆ.

ಕಂಬ ಬೀಳಲು ಕಾರಣವಾದ ಮೀನಿನ ಮಾತನ್ನೂ ಹೇಳಬೇಕು. ಕಣ್ಣಿಲ್ಲದ ಸಣ್ಣ ಮೀನೊಂದು ಹುಡುಗಿಯ ಮುಖದೆದುರು ಬಂದು ಚೀರುತ್ತದೆ, ಅವಳು ಬೆದರಿ ಹಿಂದೆ ಸರಿದು ಕಂಬಕ್ಕೆ ಬಡಿಯುತ್ತಾಳೆ. ಮೀನಿಗೆ ಧ್ವನಿಪೆಟ್ಟಿಗೆ ಇಲ್ಲ. ಕೆಲವು ಜಾತಿಗಳು ಗಾಳಿಚೀಲ ನಡುಗಿಸಿ ಗುರುಗುಟ್ಟುವುದುಂಟು, ಚೀರುವುದಿಲ್ಲ. ನೋಡುವವರು ಚಿತ್ರದ ಮೇಲಿನ ನಂಬಿಕೆ ಕಳೆದುಕೊಳ್ಳುವುದು ಇಲ್ಲಿ. ಆಮೇಲೆ ಬರುವ ಶಾರ್ಕುಗಳೆಲ್ಲ ಗೊಂಬೆಯಾಗಿ ಕಾಣುತ್ತವೆ.

ಗುಹೆಗೆ ಬಿಳಿ ಶಾರ್ಕನ್ನು ಆಯ್ದುಕೊಂಡದ್ದೂ ತಪ್ಪು. ಬಿಳಿ ಶಾರ್ಕ್ ಮುಂದೆ ಈಜುತ್ತಿದ್ದರಷ್ಟೇ ಕಿವಿರಿಗೆ ನೀರು ಹಾಯ್ದು ಉಸಿರಾಟ ನಡೆಯುತ್ತದೆ, ಇಕ್ಕಟ್ಟಿನಲ್ಲಿ ಸಿಕ್ಕರೆ ಅದೇ ಮೊದಲು ಸಾಯುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂನವರು 2004ರಲ್ಲಿ ಒಂದು ಮರಿಯನ್ನು ದೊಡ್ಡ ತೊಟ್ಟಿಯಲ್ಲಿ ಇಟ್ಟುಕೊಂಡದ್ದು 198 ದಿನ, ಆಮೇಲೆ ಕಡಲಿಗೆ ಬಿಟ್ಟರು. ಅಂಥ ಪ್ರಾಣಿ ಗುಹೆಯೊಳಗೆ ತಲೆಮಾರುಗಟ್ಟಲೆ ಬಾಳಿ ಕಣ್ಣು ಕಳೆದುಕೊಂಡಿತು ಎಂದರೆ ಏನು ತಿಂದು ಬಾಳಿತು ಎಂದು ಕೇಳಲೇಬೇಕಾಗುತ್ತದೆ. ಮೆಕ್ಸಿಕೋದ ಗುಹೆಗಳಲ್ಲಿ ಕಣ್ಣಿಲ್ಲದ ಟೆಟ್ರಾ ಮೀನು ನಿಜಕ್ಕೂ ಇದೆ. ಅದು ಬೆರಳುದ್ದದ ಮೀನು, ಅದರ ಹೊಟ್ಟೆಗೆ ಗುಹೆ ಸಾಕು. ಶಾರ್ಕೇ ಬೇಕಿದ್ದರೆ ಬುಲ್ ಶಾರ್ಕ್ ಇತ್ತು. ಅದು ಸಿಹಿನೀರಿಗೂ ಬರುತ್ತದೆ, ನದಿಯಲ್ಲಿ ದೂರದೂರ ಏರುತ್ತದೆ. ಮೆಕ್ಸಿಕೋದ ಯುಕಟಾನ್ ಪ್ರದೇಶದ ನೀರುಗುಹೆಗಳಲ್ಲಿ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು. ಎರಡೂ ಕೂಡುವ ಪದರದಲ್ಲಿ ಈಜಿದರೆ ಸಕ್ಕರೆ ಪಾಕ ಸುರಿದ ನೀರಿನಂತೆ ಎಲ್ಲವೂ ಕದಡಿ ಕಾಣುತ್ತದೆ. ಆ ಪದರದ ಕೆಳಗಿನಿಂದ ಒಂದು ನೆರಳು ಹಾಯ್ದರೆ ಗ್ರಾಫಿಕ್ಸಿಗೆ ಖರ್ಚೂ ಬೇಡ.

‘ಶಾರ್ಕ್ ಸಿನಿಮಾಕ್ಕೆ ಇಷ್ಟೆಲ್ಲ ಲೆಕ್ಕಾಚಾರ ಏಕೆ, ಮಜಾ ಸಾಕು’ ಎನ್ನುವವರಿದ್ದಾರೆ. 1975ರ ‘ಜಾಸ್’ ಚಿತ್ರದ ಉದಾಹರಣೆ ಅವರಿಗೆ ಸಾಕಾದೀತು. ನಿರ್ದೇಶಕ ಸ್ಪೀಲ್‌ಬರ್ಗ್ ಮಾಡಿಸಿದ 25 ಅಡಿಯ ಯಂತ್ರ ಶಾರ್ಕ್ ಉಪ್ಪುನೀರಿಗೆ ಮೇಲಿಂದ ಮೇಲೆ ಕೆಡುತ್ತಿತ್ತು. ತೋರಿಸಲಿಕ್ಕೆ ಶಾರ್ಕ್ ಇಲ್ಲದಾಗ ಅವರು ಹಳದಿ ಪೀಪಾಯಿಗಳನ್ನು ತೋರಿಸಿದರು. ಶಾರ್ಕಿಗೆ ಚುಚ್ಚಿದ ಹಗ್ಗದ ತುದಿಯ ಪೀಪಾಯಿ ನೀರಿನೊಳಗೆ ಎಳೆದುಕೊಂಡು ಹೋದರೆ ಅದು ಕೆಳಗೆ ಇಳಿಯಿತೆಂದು ಅರ್ಥ, ಮೇಲೆ ಬಂದರೆ ಹತ್ತಿರ ಇದೆಯೆಂದು ಅರ್ಥ. ನೋಡುವವರಿಗೂ ಆ ಗುರುತು ಓದಲು ಬರುತ್ತಿತ್ತು, ಅದಕ್ಕೇ ಹೆದರಿದರು. ಅದರ ನಾಲ್ಕನೆಯ ಭಾಗ 1987ರಲ್ಲಿ ಬರುವ ಹೊತ್ತಿಗೆ ಶಾರ್ಕ್ ಒಂದು ಕುಟುಂಬದ ಮೇಲೆ ಹಗೆ ಸಾಧಿಸಿಕೊಂಡು ಬಹಾಮಾಸ್‌ವರೆಗೆ ಬಂತು, ನೀರಿನಿಂದ ಮೇಲೆದ್ದು ಘರ್ಜಿಸಿತು. ಮುಂದುವರಿದ ಭಾಗ ಮಾಡುವವರು ಶಾರ್ಕುಗಳ ಸಂಖ್ಯೆ ಹೆಚ್ಚಿಸುತ್ತಾರೆ, ಗುರುತುಗಳನ್ನು ಬಿಡುತ್ತಾರೆ.

ಧ್ವನಿಯ ಬಗ್ಗೆ ಒಂದೇ ಮಾತು. ‘ಅನ್‌ಕೇಜ್ಡ್’ನಲ್ಲಿ ಮುಖಪೂರ್ತಿ ಮುಚ್ಚುವ ಮಾಸ್ಕಿನೊಳಗೆ ಮಾತಿನ ಯಂತ್ರ ಇರುವುದರಿಂದ ನಾಲ್ವರೂ ಬಿಡುವಿಲ್ಲದೆ ಕೂಗಾಡುತ್ತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ, ಗಾಳಿಯಲ್ಲಿ ಹೋಗುವುದರ ನಾಲ್ಕು ಪಟ್ಟಿಗಿಂತ ಹೆಚ್ಚು. ಎರಡೂ ಕಿವಿಗೆ ಒಂದೇ ಹೊತ್ತಿಗೆ ತಲುಪಿದಂತಾಗಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಒಂದು ಕಲ್ಲು ಉರುಳಿದ ಸದ್ದು, ಅದು ಹಿಂದೋ ಮುಂದೋ ಗೊತ್ತಾಗದ ಆ ಕ್ಷಣಕ್ಕೆ ಮೌನ ಬೇಕಿತ್ತು.

ಇದನ್ನೆಲ್ಲ ಪತ್ರಿಕೆಗೆ ಬರೆಯಲು ಇನ್ನೊಂದು ಕಾರಣವೂ ಇದೆ. ಮಳೆಗಾಲ ಮುಗಿದ ಮೇಲೆ ನಮ್ಮ ಅವಳಿ ನಗರದಿಂದ, ಗದಗ-ಹಾವೇರಿಯಿಂದ ಹುಡುಗರು-ಹುಡುಗಿಯರು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿ ಬರುತ್ತಾರೆ. ಇಂಥ ಚಿತ್ರ ನೋಡಿದವರು ಶಾರ್ಕಿಗೆ ಹೆದರುತ್ತಾರೆ. ಜಗತ್ತಿನಾದ್ಯಂತ ಕೆಣಕದೆ ಶಾರ್ಕ್ ಕಚ್ಚಿದ ಪ್ರಸಂಗಗಳು ವರ್ಷಕ್ಕೆ ಅರವತ್ತು-ಎಪ್ಪತ್ತರ ಆಸುಪಾಸು ಮಾತ್ರ. ಹೆದರಬೇಕಾದದ್ದು ಉಸಿರು ಹಿಡಿಯುವ ಚಟಕ್ಕೆ. 10 ಮೀಟರಿನಲ್ಲಿ ಎದೆ ತುಂಬ ಎಳೆದ ಗಾಳಿ, ಉಸಿರು ಬಿಗಿಹಿಡಿದು ಮೇಲೆ ಬಂದರೆ ಎರಡು ಪಟ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಚಿತ್ರದ ಹುಡುಗಿಯರು ಸರ್ರನೆ ಮೇಲೇರುವುದನ್ನು ಕಣ್ಣಲ್ಲಿ ಇಟ್ಟುಕೊಂಡು ಯಾರೂ ನೀರಿಗೆ ಇಳಿಯಬಾರದು. ಇಳಿಯುವಾಗ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿ ಮಾಡಿಕೊಳ್ಳಬೇಕು. ನೋವು ಬಂದರೆ ತಡೆದುಕೊಳ್ಳಬಾರದು, ಒಂದು ಮೀಟರ್ ಮೇಲೆ ಬಂದು ಮತ್ತೆ ಊದಬೇಕು. ನೆಗಡಿ ಇದ್ದ ದಿನ ಇಳಿಯಲೇಬಾರದು. ಮೊದಲ ಸಲದವರಿಗೆ 12 ಮೀಟರ್ ಮಿತಿ. ಮಾಪಕ ಎಲ್ಲಿದೆ, ಸೂಜಿ ಎಷ್ಟಕ್ಕೆ ಬಂದರೆ ಮೇಲೆ ಹೋಗುತ್ತೇವೆ ಎಂದು ದೋಣಿಯಲ್ಲೇ ಕೇಳಿಕೊಳ್ಳಬೇಕು.

ಇನ್ನೊಂದು ಮಾತು ಘಟ್ಟದ ಮೇಲಿನ ನಮಗೇ ಸಂಬಂಧಿಸಿದ್ದು. ಎತ್ತರಕ್ಕೆ ಹೋದಂತೆ ಗಾಳಿಯೊತ್ತಡ ಕಡಿಮೆ, ರಕ್ತದಲ್ಲಿ ಉಳಿದ ಸಾರಜನಕ ಅಲ್ಲಿಯೂ ಗುಳ್ಳೆಯಾಗಿ ಏಳಬಹುದು. ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮೊದಲು ಒಂದೇ ಡೈವ್ ಆಗಿದ್ದರೆ 12 ತಾಸು, ಒಂದಕ್ಕಿಂತ ಹೆಚ್ಚಾಗಿದ್ದರೆ 18 ತಾಸು ಕಾಯಬೇಕೆಂಬ ಸಲಹೆ ಇದೆ. ಆ ಸಲಹೆ ಅನ್ವಯಿಸುವುದು 2000 ಅಡಿಗಿಂತ ಮೇಲಿನ ಎತ್ತರದ ಗಾಳಿಯೊತ್ತಡಕ್ಕೆ. ಹುಬ್ಬಳ್ಳಿ ಆ ಅಂಚಿನಲ್ಲಿದೆ, ಧಾರವಾಡ ಅದಕ್ಕಿಂತ ಮೇಲೆ. ಒಂದು ಸಣ್ಣ ಡೈವಿಗೆ ಅಪಾಯ ಕಡಿಮೆ, ನಿಜ. ಆದರೆ ಒಂದೇ ದಿನ ಎರಡು-ಮೂರು ಸಲ ಆಳಕ್ಕೆ ಇಳಿದು, ಅದೇ ಸಂಜೆ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ದಾಟಿ ಊರಿಗೆ ಬರುವ ಬದಲು ಆ ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಹೊರಡುವುದು ಚೊಲೊ. ಮನೆ ಮುಟ್ಟಿದ ಮೇಲೆ ಕೀಲು ನೋವು, ಕೈಕಾಲು ಜೋಮು, ಮಿತಿಮೀರಿದ ಸುಸ್ತು ಬಂದರೆ ಡೈವ್ ಮಾಡಿದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು.

ಸಂಪಾದಕರೇ, ನಿಮ್ಮ ಸಿನಿಮಾ ಪುಟಕ್ಕೆ ನಮ್ಮ ವಿನಂತಿ ಇಷ್ಟೇ. ಇಂಥ ಚಿತ್ರದ ವಿಮರ್ಶೆಯಲ್ಲಿ ‘ಗ್ರಾಫಿಕ್ಸ್ ಸಾಲದು’ ಎಂದು ನಕ್ಷತ್ರ ಕಳೆದು ಬಿಡಬೇಡಿ. ಗಾಳಿ ಎಷ್ಟಿತ್ತು, ಆಳ ಎಷ್ಟಿತ್ತು, ಆ ಲೆಕ್ಕವನ್ನು ಚಿತ್ರ ಎಲ್ಲಿಯವರೆಗೆ ಪಾಲಿಸಿತು, ಎಲ್ಲಿ ಬಿಟ್ಟಿತು ಎಂಬುದನ್ನು ಎರಡು ಸಾಲಿನಲ್ಲಾದರೂ ಬರೆಸಿರಿ. ಡೈವಿಂಗ್ ಋತು ಶುರುವಾಗುವ ಅಕ್ಟೋಬರ್ ಹೊತ್ತಿಗೆ ಘಟ್ಟದ ಮೇಲಿನವರಿಗೆಂದೇ ಈ ಮುನ್ನೆಚ್ಚರಿಕೆಗಳನ್ನು ಒಂದು ಚೌಕಟ್ಟಿನಲ್ಲಿ ಅಚ್ಚು ಹಾಕಿದರೆ, ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ಹೋಗಲಿಕ್ಕೆ ಬರುತ್ತದೆ.

— ಶಾರ್ಕ್ ಚಿತ್ರಗಳ ಕೆಲವು ಕಾಯಂ ಪ್ರೇಕ್ಷಕರು, ಧಾರವಾಡ