ಕಲಾಭವನದ ಕೀಲಿ ತೆಗೆದುಕೊಟ್ಟವರಿಗೆ

ಕಳೆದ ಭಾನುವಾರ ಸಂಜೆ ಧಾರವಾಡದ ಕಲಾಭವನದಲ್ಲಿ ನಮ್ಮ ಮಹಿಳಾ ತಂಡದ ಮೊದಲ ನಾಟಕ ಆಯ್ತು. ನಾವು ಹದಿನಾಲ್ಕು ಹೆಣ್ಣುಮಕ್ಕಳು. ಒಬ್ಬರೂ ಮೊದಲು ರಂಗ ಹತ್ತಿದವರಲ್ಲ. ಬಂದವರಿಗೆಲ್ಲ ಅವತ್ತೇ ಕೈ ಮುಗಿಯಬೇಕಿತ್ತು. ಪರದೆ ಬಿದ್ದ ಮೇಲೆ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಇನ್ನು ಹತ್ತೇ ದಿನ ಇದ್ದಾಗ, ಗೊತ್ತು ಮಾಡಿದ್ದ ಖಾಸಗಿ ಹಾಲ್‌ನವರು ಫೋನ್ ಮಾಡಿದರು. ಅವತ್ತು ಒಂದು ಮದುವೆ ಬಂದಿದೆ, ನಿಮ್ಮ ಮುಂಗಡ ವಾಪಸ್ ತಗೊಳ್ಳಿ ಅಂದರು. ಆಮಂತ್ರಣ ಪತ್ರಿಕೆ ಹಂಚಿ ಆಗಿತ್ತು. ಆರು ತಿಂಗಳು ಮನೆಗೆಲಸ ಮುಗಿಸಿ ರಾತ್ರಿ ತಾಲೀಮಿಗೆ ಬಂದವರಿಗೆ ಏನು ಹೇಳಲಿ? ಆ ರಾತ್ರಿ ನಾನು ಮಲಗಲಿಲ್ಲ.

ಮರುದಿನ ಪಾಲಿಕೆ ಕಚೇರಿಗೆ ಹೋದೆ. ಅಲ್ಲಿದ್ದ ಅಣ್ಣಾರು ಪುಸ್ತಕ ತಿರುವಿ ನೋಡಿದರು. ಆ ಭಾನುವಾರ ಕಲಾಭವನ ಖಾಲಿ ಇತ್ತು! ಅರ್ಜಿ ಬರೆಯುವಾಗ ನನ್ನ ಕೈ ನಡುಗುತ್ತಿತ್ತು. ಅವರೇ ಕುರ್ಚಿ ಸರಿಸಿ, "ಕುಂತು ಬರೀರಿ ಅಕ್ಕಾರ, ಅವಸರ ಇಲ್ಲ" ಅಂದರು. ಅಣ್ಣಾ, ನಿಮಗೆ ಮೊದಲ ನಮಸ್ಕಾರ.

ನಮ್ಮ ಕಡೆ ನಾಟಕಕ್ಕೆ ಜಾಗ ಅನ್ನೋದು ಸಣ್ಣ ಮಾತಲ್ಲ. ಹಿಂದೆ ಕಂಪನಿಗಳು ತಮ್ಮ ಥಿಯೇಟರನ್ನೇ ಊರಿಂದ ಊರಿಗೆ ಹೊತ್ತು ತರುತ್ತಿದ್ದವು. ಗದಗಿನ ಗರುಡ ಸದಾಶಿವರಾಯರದು, ಏಣಗಿ ಬಾಳಪ್ಪನವರದು, ಎಷ್ಟು ಕಂಪನಿಗಳು! ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರು. ಕುಂದಗೋಳದ ಗಾಯಕ ಸವಾಯಿ ಗಂಧರ್ವರು ಸ್ತ್ರೀಪಾತ್ರ ಮಾಡಿ ಹೆಸರಾದವರು. ಮುಂದೆ ಅವರ ಹತ್ತಿರವೇ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಗಂಡಸರೇ ಸೀರೆ ಉಟ್ಟು ಹೆಣ್ಣಾಗುತ್ತಿದ್ದ ಈ ಸೀಮೆಯಲ್ಲಿ ಮೊನ್ನೆ ನಮ್ಮ ಪಕ್ಕದ ಮನೆಯ ವೈನಿ ಮೀಸೆ ಅಂಟಿಸಿಕೊಂಡು ಗೌಡನಾದರು. ಅದನ್ನು ನೋಡುವಾಗ ಇವರೆಲ್ಲ ನೆನಪಾದರು.

ಕಂಪನಿಗೆ ಗಲ್ಲಾಪೆಟ್ಟಿಗೆ ಇತ್ತು, ಟಿಕೆಟ್ ಇತ್ತು. ನಮ್ಮಂಥ ಹವ್ಯಾಸಿಗಳಿಗೆ ಏನಿದೆ? ಊರಿನದೇ ಆದ ಒಂದು ಸೂರು ಬೇಕು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದೇ ಮಹಾನಗರ ಪಾಲಿಕೆ ಆಯ್ತು. ಕಡಪಾ ಮೈದಾನದ ಹತ್ತಿರದ ಈ ಭವನ ಪಾಲಿಕೆಯ ಆಸ್ತಿ. ಅಂದರೆ ಮನೆ ಕರ ಕಟ್ಟುವ ನಮ್ಮೆಲ್ಲರದು ಅಲ್ವಾ? ಎಷ್ಟು ವರ್ಷ ಅದರ ಮುಂದೆ ಕಾಯಿಪಲ್ಯೆ ಚೀಲ ಹಿಡಿದು ಹಾದು ಹೋಗಿದ್ದೇನೆ. ಒಳಗೆ ನಮಗೂ ಜಾಗ ಇದೆ ಅಂತ ಯಾವತ್ತೂ ಅನಿಸಿರಲಿಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೇ ಹೋದರೆ ಕಾವಲುಗಾರ ಕಾಕಾ ಆಗಲೇ ಕೀಲಿ ತೆಗೆದಿದ್ದರು. ರಂಗದ ಮೇಲೆ ನೀರು ಚಿಮುಕಿಸಿ ಕಸ ಗುಡಿಸುತ್ತಿದ್ದರು. ನಾನು ಪೊರಕೆಗೆ ಕೈ ಹಾಕಿದರೆ ಬಿಡಲಿಲ್ಲ. "ಹೆಣ್ಣುಮಕ್ಕಳು ಬರಿಗಾಲಲೆ ಕುಣಿಯಾವ್ರು, ಒಂದು ಮೊಳೀನೂ ಇರಬಾರದು" ಅಂದರು. ಆಮೇಲೆ ಮೂಲೆ ಮೂಲೆಗೂ ಅಂಗೈ ಆಡಿಸಿ ನೋಡಿದರು. ಎರಡು ಮೊಳೆ ಸಿಕ್ಕವು. ಕಿಸೆಗೆ ಹಾಕಿಕೊಂಡರು.

ದೀಪದ ಹುಡುಗರು, ಕುರ್ಚಿ ಹಾಕಿದವರು, ಮಳೆಯಲ್ಲೂ ಬಂದ ನೀವೆಲ್ಲರೂ, ನಿಮ್ಮ ಋಣ ದೊಡ್ಡದು. ಎರಡನೇ ಸಾಲಿನಲ್ಲಿ ಕೂತು ತಾಯಿಯ ಮಾತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡ ಹಿರಿಯಮ್ಮ, ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ರಾತ್ರಿ ಅಡುಗೆ ತಾವೇ ಮಾಡಿಕೊಂಡು ಆರು ತಿಂಗಳು ನಮ್ಮನ್ನು ತಾಲೀಮಿಗೆ ಕಳಿಸಿದ ಮನೆಯವರಿಗೂ ಮನಸಾರೆ ಶರಣು.

ಗೌಡನ ರುಮಾಲು ಅಲ್ಲಿಯೇ ಉಳಿದಿದೆ. ತೆಗೆದಿಟ್ಟಿದ್ದೇನೆ ಅಂತ ಕಾಕಾ ಹೇಳಿ ಕಳಿಸಿದ್ದಾರೆ. ನಾಳೆ ತರಲು ಹೋಗುತ್ತೇನೆ. ಅವರಿಗೆ ಅಂತ ವೈನಿ ಶೇಂಗಾ ಹೋಳಿಗೆ ಮಾಡುತ್ತಿದ್ದಾರೆ.